ಏಪ್ರಿಲ್ ಬಿಸಿಲಲ್ಲಿ ನಾಯಿಯ ಹುಟ್ಟುಹಬ್ಬ: ಪಾರ್ಟಿ ಮಾಡಿ, ಆದರೆ ಬೆಳಿಗ್ಗೆ ಮಾಡಿ

ನಿಮ್ಮ ಲ್ಯಾಬ್‌ಗೆ, ಅಂದರೆ ಲ್ಯಾಬ್ರಡಾರ್ ನಾಯಿಗೆ, ಮೊದಲು ಹುಟ್ಟುಹಬ್ಬದ ಶುಭಾಶಯ. ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ ಮಾಳಿಗೆ ಮೇಲೆ ಶಾಮಿಯಾನ ಹಾಕಿಸಿ, ಹನ್ನೆರಡು ನಾಯಿಗಳನ್ನು ಕರೆದು, ದೊಡ್ಡ ಕೇಕ್ ಕತ್ತರಿಸಿ ಎಲ್ಲಕ್ಕೂ ಒಟ್ಟಿಗೆ ಹಾಕುವ ಯೋಚನೆ ಇದೆ, ಏನೇನು ತಯಾರಿ ಬೇಕು ಅಂತ ಕೇಳಿದ್ದೀರಿ. ಪಾರ್ಟಿ ಖಂಡಿತ ಮಾಡಿ. ಆದರೆ ಮಧ್ಯಾಹ್ನವೂ ಬೇಡ, ಮಾಳಿಗೆಯೂ ಬೇಡ, ಹನ್ನೆರಡು ನಾಯಿಯೂ ಬೇಡ.

ನಮ್ಮ ಬಳ್ಳಾರಿಯಲ್ಲಿ ಏಪ್ರಿಲ್ ಅಂದರೆ 40 ಡಿಗ್ರಿ ದಾಟುವ ತಿಂಗಳು. ನಮಗೆ ಮೈಯೆಲ್ಲ ಬೆವರುತ್ತದೆ, ನಾಯಿಗೆ ಹಾಗಿಲ್ಲ. ಅದು ಬೆವರುವುದು ಪಾದದಲ್ಲಿ, ಅದೂ ಅಷ್ಟಕ್ಕಷ್ಟೇ. ಮೈ ತಣ್ಣಗಾಗಬೇಕಾದರೆ ನಾಲಿಗೆ ಚಾಚಿ ತೇಕಲೇಬೇಕು. ಗೆಳೆಯರು ಸಿಕ್ಕರೆ ಲ್ಯಾಬ್ ತಾನಾಗಿ ಆಟ ನಿಲ್ಲಿಸುವುದಿಲ್ಲ, ಬೀಳುವ ತನಕ ಓಡುತ್ತದೆ. ಶಾಮಿಯಾನ ನೆರಳು ಕೊಡುತ್ತದೆ, ಕಾವು ತಗ್ಗಿಸುವುದಿಲ್ಲ. ಸಂಜೆ ಇಟ್ಟುಕೊಳ್ಳೋಣ ಅಂದರೂ ಆರ್‌ಸಿಸಿ ಮಾಳಿಗೆ ಏಳು ಗಂಟೆಗೂ ಕಾದೇ ಇರುತ್ತದೆ. ಅಂಗೈ ಮಗುಚಿ ಹಿಂಭಾಗವನ್ನು ನೆಲಕ್ಕೆ ಒತ್ತಿ ಐದಾರು ಸೆಕೆಂಡ್ ಇಡಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ. ಜೊತೆಗೆ ನಮ್ಮ ಕಡೆ ಪ್ಯಾರಾಪೆಟ್ ಗೋಡೆ ಗಿಡ್ಡ. ಒಂದನ್ನೊಂದು ಅಟ್ಟಿಸಿಕೊಂಡು ಓಡುವ ನಾಯಿ ಅದನ್ನು ನೋಡುವುದೇ ಇಲ್ಲ.

ಹಾಗಾಗಿ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಏಳೂವರೆಗೆ ಮುಗಿಸಿ. ರಾತ್ರಿಯೆಲ್ಲ ನೆಲ ಆರಿರುತ್ತದೆ. ಒಂದೂವರೆ ಗಂಟೆ ನಾಯಿಗೆ ಧಾರಾಳ ಆಯ್ತು. ದಣಿದ ನಾಯಿಗಳೇ ಜಾಸ್ತಿ ಜಗಳಕ್ಕೆ ಬೀಳುವುದು.

ಜಾಗಕ್ಕೆ ಮಣ್ಣಿನ ನೆಲ, ಕಾಂಪೌಂಡ್, ಭದ್ರ ಗೇಟು ಇರುವ ಮನೆ ನೋಡಿ. ಯಾರದಾದರೂ ತೋಟ ಸಿಕ್ಕರೆ ಇನ್ನೂ ಒಳ್ಳೆಯದು. ಹಿಂದಿನ ದಿನ ಅಲ್ಲಿ ಒಂದು ಸುತ್ತು ಹಾಕಿ ಜಾಲಿ ಮುಳ್ಳು, ನೆಗ್ಗಿಲು ಮುಳ್ಳು ಆರಿಸಿ ತೆಗೆಯಿರಿ. ಬಳ್ಳಾರಿ ಜಾಲಿ ಅಂತ ಊರ ಹೆಸರೇ ಅಂಟಿರುವ ಗಿಡ ಅದು, ಅದರ ಮುಳ್ಳು ಚಪ್ಪಲಿಯನ್ನೇ ತೂರಿ ಬರುತ್ತದೆ, ಇನ್ನು ನಾಯಿಯ ಪಾದ ಯಾವ ಲೆಕ್ಕ? ಕಾಲುವೆ ದಂಡೆ ತಂಪಾಗಿದೆ ಅಂತ ಅಲ್ಲಿಗೆ ಮಾತ್ರ ಹೋಗಬೇಡಿ. ಕಾಂಕ್ರೀಟ್ ಇಳಿಜಾರಿನ ಕಾಲುವೆಯಲ್ಲಿ ನಾಯಿ ಇಳಿಯುತ್ತದೆ, ಪಾದ ಜಾರುವುದರಿಂದ ಹತ್ತಿ ಬರಲಾಗುವುದಿಲ್ಲ. ಸಿರುಗುಪ್ಪ ಕಡೆಯ ಗದ್ದೆ ಪಕ್ಕ ಆದರೆ ಔಷಧಿ ಹೊಡೆದ ನೀರಿಗೆ ನಾಯಿ ಬಾಯಿ ಹಾಕುವ ಭಯ ಬೇರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಾರ್ಟಿ ಚೆನ್ನಾಗಿ ಆಗುತ್ತೋ ಇಲ್ಲವೋ ಅನ್ನುವುದು ಗೇಟಿನ ಹೊರಗೇ ತೀರ್ಮಾನ ಆಗುತ್ತದೆ. ನಮ್ಮ ನೆಂಟರು ನಮ್ಮ ನಾಯಿಗೆ ನೆಂಟರಲ್ಲ. ತನ್ನ ಅಂಗಳಕ್ಕೆ ಗುರುತಿಲ್ಲದ ನಾಯಿ ನುಗ್ಗಿದರೆ ಸಾಧು ಲ್ಯಾಬ್ ಕೂಡ ಗುರ್ ಅನ್ನುತ್ತದೆ. ಆದ್ದರಿಂದ ಈಗಾಗಲೇ ಒಟ್ಟಿಗೆ ವಾಕಿಂಗ್ ಮಾಡಿರುವ ನಾಯಿಗಳನ್ನೇ ಕರೆಯಿರಿ, ನಾಲ್ಕೈದು ಸಾಕು. ಹೊಸಬರು ಇದ್ದರೆ ಒಂದು ವಾರ ಮುಂಚಿನಿಂದ ಬೀದಿಯಲ್ಲಿ ಜೊತೆಯಾಗಿ ನಡೆಸಿ.

ನಡೆಸುವುದು ಹೀಗೆ. ಎರಡು ನಾಯಿಗಳನ್ನು ಎದುರುಬದುರು ತರಬಾರದು. ಹತ್ತು ಹನ್ನೆರಡು ಹೆಜ್ಜೆ ಅಂತರ ಬಿಟ್ಟು ಎರಡೂ ಒಂದೇ ದಿಕ್ಕಿಗೆ ನಡೆಯಲಿ. ಬೆಲ್ಟ್ ಸಡಿಲ ಇರಲಿ, ಬಿಗಿ ಹಿಡಿದಷ್ಟೂ ನಾಯಿ ಸೆಟೆದುಕೊಳ್ಳುತ್ತದೆ. ಮೊದಮೊದಲು ಕಿವಿ ಮುಂದೆ, ಬಾಯಿ ಮುಚ್ಚಿ, ಬಾಲ ಕಂಬದ ಹಾಗೆ ನಿಂತಿರುತ್ತದೆ. ಸ್ವಲ್ಪ ದೂರ ಹೋದ ಮೇಲೆ ಒಂದು ನಾಯಿ ಬೇವಿನ ಮರದ ಬುಡ ಮೂಸುತ್ತದೆ. ಹಿಂದೆ ಬಂದದ್ದು ಅದೇ ಬುಡ ಮೂಸಿ ಕಾಲೆತ್ತುತ್ತದೆ. ಬಾಯಿ ತೆರೆದು ನಾಲಿಗೆ ಹೊರಗೆ ಬಿತ್ತು ಅಂದರೆ ಮನಸ್ಸು ಹಗುರಾಗಿದೆ. ಆಮೇಲೆ ಅಂತರ ಕಡಿಮೆ ಮಾಡಿ, ಪಕ್ಕದಿಂದ ಬಂದು ಒಂದನ್ನೊಂದು ಮೂಸಲು ಬಿಡಿ. ಮೂರು ಸೆಕೆಂಡ್ ಆದ ಮೇಲೆ ಕರೆದುಕೊಂಡು ಮುಂದೆ ಹೋಗಿ, ಮತ್ತೆ ಬಿಡಿ. ಪಾರ್ಟಿಯ ದಿನವೂ ಬೀದಿಯಲ್ಲಿ ಹೀಗೆ ಒಂದು ಸುತ್ತು ನಡೆಸಿಯೇ ಒಳಗೆ ಕರೆದುಕೊಂಡು ಬನ್ನಿ.

ನಿಮ್ಮ ಪಟ್ಟಿಯಲ್ಲಿ ಒಂದು ಮುಧೋಳ, ಎರಡು ಪಗ್ ಇವೆ ಅಂತ ಬರೆದಿದ್ದೀರಿ. ಇವನ್ನು ಒಂದೇ ಅಂಗಳದಲ್ಲಿ ಒಟ್ಟಿಗೆ ಬಿಡಬೇಡಿ. ಮುಧೋಳ ಕಣ್ಣಲ್ಲೇ ಬೇಟೆ ಗುರುತಿಸಿ ಅಟ್ಟುವ ಜಾತಿ. ಪಕ್ಕದಲ್ಲಿ ಪಗ್ ಕೂತಿದ್ದರೆ ಅದಕ್ಕೇನೂ ಅನ್ನಿಸದೇ ಇರಬಹುದು. ಅದೇ ಪಗ್ ಕೀರಲು ದನಿ ತೆಗೆದು ಓಡಿತೋ, ಮುಧೋಳಕ್ಕೆ ಅದು ಮೊಲ. ಸಾಧು, ಕೆಟ್ಟದು ಅನ್ನುವ ಪ್ರಶ್ನೆಯೇ ಅಲ್ಲ, ರಕ್ತದಲ್ಲೇ ಇರುವ ಗುಣ. ಚಿಕ್ಕ ನಾಯಿಗಳಿಗೆ ಬೇರೆ ಮೂಲೆ ಮಾಡಿ, ನಡುವೆ ಜಾಲರಿ ಕಟ್ಟಿ. ಪಗ್‌ಗಳಿಗೆ ಮೂಗು ಚಪ್ಪಟೆ ಇರುವುದರಿಂದ ಸೆಖೆ ಬೇಗ ತಗಲುತ್ತದೆ, ಅವುಗಳ ಮಾಲೀಕರಿಗೆ ಬೇಗ ಹೊರಡಲು ಹೇಳಿ. ಬೆದೆಗೆ ಬಂದ ಹೆಣ್ಣು ನಾಯಿ ಬರಲೇಬಾರದು.

ಎಲ್ಲರನ್ನೂ ಲಸಿಕೆ ಕಾರ್ಡ್ ಕೇಳಿ, ಸಂಕೋಚ ಬೇಡ. ರೇಬೀಸ್ ಲಸಿಕೆ, ನಾಯಿಗಳಿಗೆ ಬರುವ ಪಾರ್ವೊ-ಡಿಸ್ಟೆಂಪರ್ ರೋಗಗಳ ಲಸಿಕೆ ಎರಡೂ ಆಗಿರಬೇಕು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಹಾಗಾಗಿ ಲಸಿಕೆಯ ಸರಣಿ ಮುಗಿಯದ ಮರಿಗಳನ್ನು ಕರೆಯಬೇಡಿ. ಮೈಮೇಲೆ ರಕ್ತ ಹೀರುವ ಉಣ್ಣಿ ಇರುವ ನಾಯಿ ಒಂದು ಬಂದರೂ ಉಣ್ಣಿ ಜ್ವರ ಎಲ್ಲರ ಮನೆಗೂ ಹೋಗಬಹುದು.

ಇನ್ನು ಕೇಕ್. ಬೇಕರಿ ಕೇಕ್ ಮನುಷ್ಯರಿಗೆ. ನಾಯಿಗೆ ಮನೆಯಲ್ಲೇ ಮಾಡಿ. ಒಂದು ಬಟ್ಟಲು ಜೋಳದ ಹಿಟ್ಟು, ಎರಡು ಮೊಟ್ಟೆ, ತುರಿದ ಗಜ್ಜರಿ, ಉಪ್ಪು-ಮಸಾಲೆ ಇಲ್ಲದೆ ಬೇಯಿಸಿ ಎಳೆ ಬಿಡಿಸಿದ ಕೋಳಿ, ಅದನ್ನು ಬೇಯಿಸಿದ ನೀರು. ಕಲಸಿ ಇಡ್ಲಿ ತಟ್ಟೆಗೆ ಹಾಕಿ ಹಬೆಯಲ್ಲಿ ಬೇಯಿಸಿ. ಆರಿದ ಮೇಲೆ ಮೇಲೊಂದು ಚಮಚ ಗಟ್ಟಿ ಮೊಸರು. ಇಡ್ಲಿ ತಟ್ಟೆ ಯಾಕೆ ಅಂದರೆ ಒಂದು ನಾಯಿಗೆ ಒಂದು ಅಂತ ಪಾಲು ತಾನಾಗಿ ಆಗುತ್ತದೆ. ಒಂದೇ ತಟ್ಟೆಗೆ ನಾಲ್ಕು ಮೂತಿ ಬಿದ್ದರೆ ಜಗಳ ಗ್ಯಾರಂಟಿ. ಪ್ರತಿ ನಾಯಿಯನ್ನೂ ದೂರ ದೂರ ಹಿಡಿದುಕೊಂಡು ಅದರ ಮಾಲೀಕರೇ ತಿನ್ನಿಸಲಿ. ಕೋಳಿ ಒಗ್ಗದ ನಾಯಿ ಇದೆಯಾ ಅಂತ ಮೊದಲೇ ಕೇಳಿ. ತಿನ್ನಿಸುವುದು ಆಟ ಎಲ್ಲ ಮುಗಿದ ಮೇಲೆ. ದೊಡ್ಡ ಎದೆಯ ನಾಯಿಗಳು, ಅಂದರೆ ಶೆಫರ್ಡ್, ಗ್ರೇಟ್ ಡೇನ್, ಹೊಟ್ಟೆ ತುಂಬ ತಿಂದು ಓಡಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ, ಅದು ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಲ್ಲದು.

ಬಂದ ಜನಕ್ಕೆ ಮಂಡಕ್ಕಿ ಒಗ್ಗರಣೆ-ಮಿರ್ಚಿ ಇರಲೇಬೇಕು, ಬಳ್ಳಾರಿ ಅಲ್ವಾ. ಆದರೆ ಅದು ಮನೆಯೊಳಗೆ, ಬಾಗಿಲು ಹಾಕಿಕೊಂಡು. ಒಗ್ಗರಣೆಯ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಹೊಡೆತ. ಚಾಕೊಲೇಟ್ ವಿಷ. ಸಕ್ಕರೆರಹಿತ ಅಂತ ಬರುವ ಚೂಯಿಂಗ್ ಗಮ್, ಪೀನಟ್ ಬಟರ್‌ಗಳಲ್ಲಿ ಜೈಲಿಟಾಲ್ ಅನ್ನುವ ಸಿಹಿಕಾರಕ ಇರಬಹುದು, ಅದು ಇನ್ನೂ ಅಪಾಯ. ಬೇಯಿಸಿದ ಎಲುಬು ಚೂರಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಮಕ್ಕಳು ಪ್ರೀತಿಯಿಂದಲೇ ತುತ್ತು ಹಾಕಿಬಿಡುತ್ತಾರೆ, ಅವರಿಗೆ ಮೊದಲೇ ಕೂರಿಸಿ ಹೇಳಿ. ಬಲೂನ್, ಪಟಾಕಿ, ಡಿಜೆ ಯಾವುದೂ ಬೇಡ. ಒಡೆದ ಬಲೂನಿನ ಚೂರು ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ನೀರಿನ ಬಟ್ಟಲು ನಾಲ್ಕೈದು ಕಡೆ ಇಡಿ. ಚೆಂಡು, ಆಟಿಕೆ ಎತ್ತಿಡಿ. ಜಗಳ ಬಿತ್ತು ಅಂದರೆ ಕತ್ತಿನ ಪಟ್ಟಿಗೆ ಕೈ ಹಾಕಬೇಡಿ, ನಿಮ್ಮ ಕೈಗೇ ಕಚ್ಚುತ್ತದೆ. ಬಕೆಟ್ ನೀರು ಎರಚಿ, ಇಲ್ಲವೇ ಪ್ಲಾಸ್ಟಿಕ್ ಕುರ್ಚಿ ನಡುವೆ ತೂರಿಸಿ. ಯಾರಿಗಾದರೂ ಹಲ್ಲು ತಾಗಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿಗೆ ಲಸಿಕೆ ಆಗಿದೆಯಲ್ಲ ಅಂತ ಸುಮ್ನೆ ಕೂರಬೇಡಿ.

ಯಾವುದಾದರೂ ನಾಯಿ ವಿಪರೀತ ತೇಕುತ್ತಾ, ಜೊಲ್ಲು ಸುರಿಸುತ್ತಾ, ವಸಡು ಕೆಂಪಗಾಗಿ ತೂರಾಡಿದರೆ ಅದು ಬಿಸಿಲ ಹೊಡೆತ. ತಕ್ಷಣ ನೆರಳಿಗೆ ತಂದು ಮೈಮೇಲೆಲ್ಲ ನೀರು ಸುರಿದು ಫ್ಯಾನ್ ಹಾಕಿ. ಮೈ ತಣ್ಣಗಾಗುತ್ತಾ ಬಂದ ಕೂಡಲೇ ಡಾಕ್ಟರ್ ಹತ್ತಿರ ಓಡಿ. ಭಾನುವಾರ ಯಾವ ಡಾಕ್ಟರ್ ಸಿಗುತ್ತಾರೆ ಅಂತ ಶನಿವಾರವೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಬೀದಿ ನಾಯಿಗಳ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೋಳಿ ವಾಸನೆಗೆ ಅವು ಗೇಟಿಗೆ ಬಂದೇ ಬರುತ್ತವೆ, ಒಳಗಿನವು ಬೊಗಳಲು ಶುರು ಮಾಡುತ್ತವೆ. ಐದೂವರೆಗೇ ಬೀದಿಯ ಆ ತುದಿಯಲ್ಲಿ ಅವಕ್ಕೂ ಅನ್ನ-ಮೊಟ್ಟೆ ಹಾಕಿ. ಅವಕ್ಕೂ ಹಬ್ಬ ಆಗಲಿ.

ಬರುವ ಪ್ರತಿ ನಾಯಿಯ ಜಾತಿ, ವಯಸ್ಸು, ಗಂಡೋ ಹೆಣ್ಣೋ ಅನ್ನುವುದನ್ನು ಇಲ್ಲೇ ಕೆಳಗೆ ಹಾಕಿ. ಯಾರನ್ನು ಯಾರ ಜೊತೆ ಬಿಡಬಹುದು ಅಂತ ನೋಡಿ ಹೇಳುತ್ತೇನೆ.