ಅಂಗೋಲಾದ ಅಂತರ್ಯುದ್ಧದಲ್ಲಿ ಕ್ಯೂಬಾ ಮತ್ತು ದಕ್ಷಿಣ ಆಫ್ರಿಕಾ ಯಾಕೆ ಹೊಡೆದಾಡಿದವು?

ಮುಖ್ಯ ಕಾರಣ ಪಕ್ಕದ ನಮೀಬಿಯಾ. ಆಗ ಅದು ದಕ್ಷಿಣ ಆಫ್ರಿಕಾದ ಹಿಡಿತದಲ್ಲಿತ್ತು. ಅಲ್ಲಿನ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಸ್ವಾಪೋ ಗೆರಿಲ್ಲಾಗಳಿಗೆ ಅಂಗೋಲಾದಲ್ಲಿ ನೆಲೆ ಸಿಗಬಾರದು ಎಂಬುದು ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರದ ಹಟವಾಗಿತ್ತು.

1975ರಲ್ಲಿ ಪೋರ್ಚುಗೀಸರು ಅಂಗೋಲಾ ಬಿಟ್ಟು ಹೊರಟಾಗ ಮೂರು ಬಣಗಳು ಅಧಿಕಾರಕ್ಕಾಗಿ ಬಡಿದಾಡುತ್ತಿದ್ದವು. ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸೇನೆ ಅವುಗಳಲ್ಲಿ ಯುನಿಟಾ ಮತ್ತು ಎಫ್‌ಎನ್‌ಎಲ್‌ಎ ಎಂಬ ಎರಡು ಬಣಗಳ ಪರವಾಗಿ ಒಳನುಗ್ಗಿತು. ಮೂರನೆಯ ಬಣವಾದ ಎಡಪಂಥೀಯ ಎಂಪಿಎಲ್‌ಎ ಸೋಲುವ ಹಂತಕ್ಕೆ ಬಂದಾಗ, ನವೆಂಬರ್‌ನಲ್ಲಿ ಕ್ಯೂಬಾ ತನ್ನ ಸೈನಿಕರನ್ನು ಕಳಿಸಿತು. ಮಾಸ್ಕೋ ಹೇಳಿತು ಅಂತ ಕ್ಯೂಬಾ ಸುಮ್ನೆ ಹೋಯಿತು ಎಂದು ತುಂಬಾ ಜನ ನಂಬಿದ್ದಾರೆ, ಅದು ಸರಿಯಲ್ಲ. ಸೋವಿಯತ್ ಶಸ್ತ್ರಗಳು ಬಂದದ್ದು ನಿಜ. ಆದರೆ ಸೈನ್ಯ ಕಳಿಸುವ ತೀರ್ಮಾನ ಕ್ಯೂಬಾದ ನಾಯಕ ಫಿಡೆಲ್ ಕಾಸ್ಟ್ರೊ ಅವರದೇ.

1976ರಲ್ಲಿ ದಕ್ಷಿಣ ಆಫ್ರಿಕಾ ಹಿಂದೆ ಸರಿಯಿತು, ಮತ್ತೆ ಮತ್ತೆ ಬಂತು. ಇಲ್ಲೇ ಇರುವುದು ಇಂಥ ಯುದ್ಧಗಳ ಗಂಟು. ನಾವು ಮೊದಲು ಹೊರಟರೆ ನಮ್ಮ ಬಣ ಬೀಳುತ್ತದೆ ಎಂಬ ಭಯ ಎರಡೂ ಕಡೆ ಇರುತ್ತದೆ. ಹಾಗಾಗಿ ಒಬ್ಬರು ಸೈನ್ಯ ಹೆಚ್ಚಿಸಿದರೆ ಇನ್ನೊಬ್ಬರೂ ಹೆಚ್ಚಿಸುತ್ತಾರೆ. 1987-88ರಲ್ಲಿ ದಕ್ಷಿಣ ಅಂಗೋಲಾದ ಕ್ವಿಟೊ ಕ್ವಾನವಾಲೆಯಲ್ಲಿ ನಡೆದ ಕದನದಲ್ಲಿ ಟ್ಯಾಂಕು, ಫಿರಂಗಿ, ಯುದ್ಧವಿಮಾನ ಎಲ್ಲವೂ ಇಳಿದವು. ಯಾರೂ ಪೂರ್ತಿ ಗೆಲ್ಲಲಿಲ್ಲ.

ಆ ಗಂಟು ಬಿಚ್ಚಿದ್ದು ಇಬ್ಬರೂ ಹೊರಡಲು ಒಪ್ಪಿದಾಗ. 1988ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಒಪ್ಪಂದವಾಯಿತು: ಕ್ಯೂಬಾ ಹಂತಹಂತವಾಗಿ ಅಂಗೋಲಾ ಬಿಡಬೇಕು, ದಕ್ಷಿಣ ಆಫ್ರಿಕಾ ನಮೀಬಿಯಾ ಬಿಡಬೇಕು. 1990ರಲ್ಲಿ ನಮೀಬಿಯಾ ಸ್ವತಂತ್ರವಾಯಿತು. ಅಂಗೋಲಾದವರಿಗೆ ಮಾತ್ರ ಶಾಂತಿ ಸಿಕ್ಕಿದ್ದು 2002ರಲ್ಲಿ, ಯುನಿಟಾ ನಾಯಕ ಸವಿಂಬಿ ಸತ್ತ ಮೇಲೆ.