ಬರ್ಬನ್ ಪೀಪಾಯಿಯಲ್ಲಿ ಮಾಗಿದ ಸಿಂಗಲ್ ಮಾಲ್ಟ್‌ಗಳೆಲ್ಲ (ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿಗಳು) ಒಂದೇ ರುಚಿ ಇರುತ್ತವಾ?

ಇಲ್ಲ. ರುಚಿಯೆಲ್ಲ ಪೀಪಾಯಿಯಿಂದಲೇ ಬರುವುದಿಲ್ಲ. ಬರ್ಬನ್‌ಗೆ, ಅಂದರೆ ಮುಖ್ಯವಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿಗೆ, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು ಅಂತ ಅಮೆರಿಕದ ಕಾನೂನು ಹೇಳುತ್ತದೆ. ಹಾಗಾಗಿ ಒಮ್ಮೆ ಬಳಸಿದ ಪೀಪಾಯಿಗಳು ರಾಶಿರಾಶಿಯಾಗಿ ಸ್ಕಾಟ್ಲೆಂಡ್ ಸೇರುತ್ತವೆ. ವೆನಿಲಾ, ತೆಂಗಿನಕಾಯಿಯ ಘಮ ಆ ಮರದ್ದು.

ಸ್ಕಾಟ್ಲೆಂಡಿನ ಎರಡು ಸಿಂಗಲ್ ಮಾಲ್ಟ್, ಗ್ಲೆನ್‌ಮೊರೆಂಜಿ ಒರಿಜಿನಲ್ ಮತ್ತು ಆರ್ಡ್‌ಬೆಗ್ 10 ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಬರ್ಬನ್ ಪೀಪಾಯಿಯವೇ. ಮೊದಲನೆಯದು ತುಂಬಾ ಎತ್ತರದ ಭಟ್ಟಿಯಲ್ಲಿ ಇಳಿಸಿದ್ದು, ಅದಕ್ಕೇ ಹಗುರ. ಕಿತ್ತಳೆ, ಜೇನು ನೆನಪಾಗುತ್ತದೆ. ಐಲಾ ದ್ವೀಪದ ಆರ್ಡ್‌ಬೆಗ್‌ನಲ್ಲಿ ಪೀಟ್ (ಬಾರ್ಲಿ ಒಣಗಿಸಲು ಉರಿಸುವ ಜೌಗು ನೆಲದ ಮಣ್ಣು) ಹೊಗೆಯದೇ ದರ್ಬಾರು. ವೆನಿಲಾ ಹಿಂದೆ ಅಡಗಿ ಕೂತಿರುತ್ತದೆ.

ಹಗುರವಾದದ್ದನ್ನೇ ಮೊದಲು ಕುಡಿಯಿರಿ. ಆಲ್ಕೋಹಾಲ್ ಆರ್ಡ್‌ಬೆಗ್‌ನಲ್ಲಿ 46%, ಗ್ಲೆನ್‌ಮೊರೆಂಜಿಯಲ್ಲಿ 40%. 30 ಮಿಲಿ ಆರ್ಡ್‌ಬೆಗ್‌ಗೆ ಒಂದು ಟೀ ಚಮಚ ನೀರು ಬೆರೆಸಿದರೆ ಹೋಲಿಕೆ ಹೆಚ್ಚುಕಡಿಮೆ ಸಮ. ಐಸ್ ಮಾತ್ರ ಬೇಡ, ಘಮವೆಲ್ಲ ಮುದುಡಿಬಿಡುತ್ತದೆ.