ನೀವು ಕೇಳಿದ್ರಿ: ರೋಮಿನ ಗುಲಾಮರು, ಹೆಣ್ಮಕ್ಕಳು, ಬ್ರೆಡ್ಡು

ಹೋದ ಸಂಚಿಕೇಲಿ ಜೂಲಿಯಸ್ ಸೀಸರ್ ಕೊಲೆ ಬಗ್ಗೆ ಬರೆದಿದ್ದೆ. ಅದನ್ನ ಓದಿ ಬಂದ ಪತ್ರ, ವಾಟ್ಸಾಪ್ ಮೆಸೇಜಲ್ಲಿ ಸೀಸರ್ ಬಗ್ಗೆ ಕೇಳಿದೋರು ಕಮ್ಮಿ, ಅವನ ಕಾಲದ ಮಾಮೂಲಿ ಜನ ಹೇಗೆ ಬದುಕ್ತಿದ್ರು ಅಂತ ಕೇಳಿದೋರೇ ಜಾಸ್ತಿ. ನನಗೆ ತುಂಬಾ ಖುಷಿ ಆಯ್ತು, ಯಾಕಂದ್ರೆ ಕ್ಲಾಸಲ್ಲಿ ಪಾಠ ಮಾಡುವಾಗ್ಲೂ ನನಗೆ ಹೇಳೋಕೆ ಆಸೆ ಇದ್ದಿದ್ದು ಇದನ್ನೇ, ಸಿಲೆಬಸ್ ಮುಗಿಸೋ ಗಡಿಬಿಡೀಲಿ ಆಗ್ತಾನೇ ಇರ್ಲಿಲ್ಲ. ಐದು ಪ್ರಶ್ನೆ ಆರಿಸ್ಕೊಂಡಿದೀನಿ.

ಮೇಡಂ, ಸಿನಿಮಾದಲ್ಲಿ ರೋಮಿನ ಗುಲಾಮ ಅಂದ್ರೆ ಒಂದೋ ಅಖಾಡದಲ್ಲಿ ಕತ್ತಿ ಹಿಡಿದು ಹೊಡೆದಾಡ್ತಾನೆ, ಇಲ್ಲಾಂದ್ರೆ ಹಡಗಲ್ಲಿ ಹುಟ್ಟು ಹಾಕ್ತಾನೆ. ನಿಜವಾಗ್ಲೂ ಅವರೆಲ್ಲ ಯಾರು? ಅವರಿಗೆ ಬಿಡುಗಡೆ ಅಂತ ಇತ್ತಾ?
- ಬಿ.ಎ. ವಿದ್ಯಾರ್ಥಿ, ದಾವಣಗೆರೆ

ಅಖಾಡದಲ್ಲಿ ಹೊಡೆದಾಡಿದೋರು ಇದ್ರಪ್ಪ, ಆದ್ರೆ ಒಟ್ಟು ಗುಲಾಮರಲ್ಲಿ ಅವರು ಸ್ವಲ್ಪ ಜನ. ಉಳಿದೋರೆಲ್ಲ ಹೊಲದಲ್ಲಿ, ಸ್ಪೇನಿನ ಬೆಳ್ಳಿ ಗಣೀಲಿ, ಹಿಟ್ಟಿನ ಗಿರಣೀಲಿ, ಅಡುಗೆಮನೇಲಿ ಇದ್ರು, ಅಷ್ಟೇ ಅಲ್ಲ, ಶ್ರೀಮಂತರ ಮನೆ ಮಕ್ಕಳಿಗೆ ಅಕ್ಷರ ಕಲಿಸೋ ಮೇಷ್ಟ್ರು, ಲೆಕ್ಕಪತ್ರ ಬರೆಯೋನು, ಎಷ್ಟೋ ಮನೇಲಿ ವೈದ್ಯ ಕೂಡ ಗುಲಾಮನೇ. ಮೈಬಣ್ಣಕ್ಕೂ ಇದಕ್ಕೂ ಸಂಬಂಧ ಇರ್ಲಿಲ್ಲ. ಯುದ್ಧದಲ್ಲಿ ಸೋತ ಊರಿನೋರು, ಕಡಲ್ಗಳ್ಳರ ಕೈಗೆ ಸಿಕ್ಕಿಬಿದ್ದೋರು, ಹುಟ್ಟಿದ ಕೂಡ್ಲೇ ಬೀದೀಲಿ ಬಿಟ್ಟುಹೋದ ಹಸುಗೂಸುಗಳು, ಗುಲಾಮ ತಾಯಿ ಹೊಟ್ಟೇಲಿ ಹುಟ್ಟಿದ ಮಕ್ಕಳು, ಇವರೇ ಗುಲಾಮರು. ಗ್ರೀಸಿನ ಡೆಲೋಸ್ ಅನ್ನೋ ಪುಟ್ಟ ದ್ವೀಪದ ಸಂತೇಲಿ ಒಂದೇ ದಿನಕ್ಕೆ 10,000 ಜನರನ್ನ ಇಳಿಸಿ ಮಾರಿ ಕಳಿಸೋ ಅಷ್ಟು ತಾಕತ್ತಿತ್ತು ಅಂತ ಆ ಕಾಲದ ಭೂಗೋಳಕಾರ ಸ್ಟ್ರಾಬೋ ಬರೆದಿದಾನೆ.

ಕಾನೂನು ಪ್ರಕಾರ ಗುಲಾಮ ಅಂದ್ರೆ ಒಂದು ವಸ್ತು. ಅವನು ಮದುವೆ ಆದ್ರೂ ಅದು ಮದುವೆ ಅಲ್ಲ, ಹುಟ್ಟಿದ ಮಕ್ಕಳು ಯಜಮಾನನ ಆಸ್ತಿ. ಕ್ರಿ.ಶ. 61ರಲ್ಲಿ, ಅಂದ್ರೆ ಚಕ್ರವರ್ತಿ ನೀರೋ ಕಾಲದಲ್ಲಿ, ಪೆಡಾನಿಯಸ್ ಸೆಕುಂಡಸ್ ಅನ್ನೋ ದೊಡ್ಡ ಅಧಿಕಾರೀನ ಅವನ ಮನೆ ಗುಲಾಮನೊಬ್ಬ ಕೊಂದ. ಯಜಮಾನ ಮನೆಯೊಳಗೆ ಕೊಲೆ ಆದ್ರೆ ಆ ಮನೆಯ ಗುಲಾಮರು ಅಷ್ಟೂ ಜನರನ್ನ ಕೊಲ್ಬೇಕು ಅನ್ನೋದು ಹಳೇ ಪದ್ಧತಿ, ಆ ಮನೇಲಿದ್ದೋರು 400 ಜನ, ಹೆಂಗಸರು ಮಕ್ಕಳು ಎಲ್ಲ ಸೇರಿ. ಊರ ಜನ ಕಲ್ಲು, ಪಂಜು ಹಿಡ್ಕೊಂಡು ಬೀದಿಗಿಳಿದು ಬೇಡ ಅಂದ್ರು, ಸೆನೆಟ್ ಕೇಳ್ಲಿಲ್ಲ, ನೀರೋ ದಾರಿಯುದ್ದಕ್ಕೂ ಸೈನಿಕರನ್ನ ನಿಲ್ಲಿಸಿ 400 ಜನರನ್ನೂ ಕೊಲ್ಲಿಸ್ದ. ಈ ಭಾಗ ನಾನು ಎಷ್ಟು ಸಲ ಓದಿದ್ರೂ ಆ ಮಕ್ಕಳ ಹತ್ರ ಬಂದಾಗ ಮುಂದಕ್ಕೆ ಹೋಗೋಕೆ ಕಷ್ಟ ಆಗುತ್ತೆ.

ರೋಮಿನ ಒಂದು ಮ್ಯೂಸಿಯಂನಲ್ಲಿ ಕಬ್ಬಿಣದ ಕೊರಳಪಟ್ಟಿ ಇದೆ, ಅದಕ್ಕೊಂದು ಬಿಲ್ಲೆ ನೇತಾಕಿದಾರೆ. ಅದರ ಮೇಲೆ ಬರೆದಿರೋದು ಇಷ್ಟು: ನಾನು ಓಡಿಬಂದಿದೀನಿ, ನನ್ನ ಹಿಡ್ಕೋ, ನನ್ನ ಯಜಮಾನ ಜೋನಿನಸ್‌ಗೆ ವಾಪಸ್ ಒಪ್ಪಿಸಿದ್ರೆ ನಿಂಗೊಂದು ಚಿನ್ನದ ನಾಣ್ಯ ಸಿಗುತ್ತೆ. ಯಜಮಾನನ ಹೆಸರು ಉಳೀತು, ಅದನ್ನ ಕೊರಳಿಗೆ ಹಾಕ್ಕೊಂಡಿದ್ದೋರ ಹೆಸರು ಅದ್ರಲ್ಲಿ ಇಲ್ಲ.

ಈಗ ನಿನ್ನ ಎರಡನೇ ಪ್ರಶ್ನೆ. ಬಿಡುಗಡೆ ಇತ್ತು, ಮತ್ತೆ ರೋಮನ್ನರು ಅದ್ರಲ್ಲಿ ಬೇರೆಯವರಿಗಿಂತ ಮುಂದೆ ಹೋಗಿದ್ರು. ಗುಲಾಮ ಅಲ್ಪಸ್ವಲ್ಪ ದುಡ್ಡು ಕೂಡಿಡಬಹುದಿತ್ತು, ಅದನ್ನ ಕೊಟ್ಟು ತನ್ನನ್ನ ತಾನೇ ಬಿಡಿಸ್ಕೋಬಹುದಿತ್ತು, ಅದಕ್ಕೆ ಸರ್ಕಾರಕ್ಕೆ 5 ಪರ್ಸೆಂಟ್ ಟ್ಯಾಕ್ಸ್ ಬೇರೆ. ಅಧಿಕಾರಿ ಎದುರು ಕೋಲು ಮುಟ್ಟಿಸಿ ಬಿಡುಗಡೆ ಘೋಷಣೆ ಮಾಡ್ತಿದ್ರು, ಬಿಡುಗಡೆ ಆದೋನು ತಲೆಗೆ ಒಂದು ಉಣ್ಣೆ ಟೋಪಿ ಹಾಕ್ಕೋತಿದ್ದ. ಯಜಮಾನ ರೋಮಿನ ಪ್ರಜೆ ಆಗಿದ್ದು ಕ್ರಮವಾಗಿ ಬಿಟ್ಟಿದ್ರೆ ಗುಲಾಮನೂ ರೋಮಿನ ಪ್ರಜೆನೇ ಆಗ್ತಿದ್ದ, ಅಥೆನ್ಸ್ ಥರದ ಗ್ರೀಕ್ ಊರಲ್ಲಿ ಹೀಗಿರ್ಲಿಲ್ಲ. ಯಜಮಾನನ ಕುಲದ ಹೆಸರು ಇವನಿಗೂ ಬರ್ತಿತ್ತು. ರೋಮಿನ ದೊಡ್ಡ ರಾಜಕಾರಣಿ, ಭಾಷಣಕಾರ ಸಿಸೆರೋನ ಮಾತನ್ನೆಲ್ಲ ಬರ್ಕೋತಿದ್ದ ಗುಲಾಮ ಟೀರೋ ಕ್ರಿ.ಪೂ. 53ರಲ್ಲಿ ಬಿಡುಗಡೆ ಆಗಿ ಮಾರ್ಕಸ್ ಟುಲಿಯಸ್ ಟೀರೋ ಆದ. ಆದ್ರೆ ಹಳೇ ಯಜಮಾನನ ಋಣ ಹರೀತಿರ್ಲಿಲ್ಲ, ವರ್ಷಕ್ಕೆ ಇಷ್ಟು ದಿನ ಅಂತ ಕೆಲಸ ಮಾಡಿಕೊಡ್ಬೇಕಾಗಿತ್ತು, ದೊಡ್ಡ ಸರ್ಕಾರಿ ಹುದ್ದೆ ಸಿಗ್ತಿರ್ಲಿಲ್ಲ, ಬಿಡುಗಡೆ ಆದ್ಮೇಲೆ ಹುಟ್ಟಿದ ಮಕ್ಕಳಿಗೆ ಮಾತ್ರ ಆ ಅಡ್ಡಿ ಇರ್ಲಿಲ್ಲ. ಇದನ್ನ ನೋಡಿ ರೋಮಿನ ಗುಲಾಮಗಿರಿ ಮೃದು ಆಗಿತ್ತು ಅಂತ ಕೆಲವರು ವಾದ ಮಾಡ್ತಾರೆ, ನಾನು ಒಪ್ಪಲ್ಲ. ಬಿಡುಗಡೆ ಸಿಕ್ಕಿದ್ದು ಹೆಚ್ಚಾಗಿ ಯಜಮಾನನ ಕಣ್ಣೆದುರು ಓಡಾಡ್ಕೊಂಡಿದ್ದ ಪಟ್ಟಣದ ಗುಲಾಮರಿಗೆ, ಗಣಿ ಒಳಗೆ ಹೋದೋನ ಹೆಸರು ಯಾವ ಯಜಮಾನನಿಗೂ ಗೊತ್ತಿರ್ತಿರ್ಲಿಲ್ಲ.

ಆಗ ರೋಮಿನ ಕೈಕೆಳಗಿದ್ದ ಬ್ರಿಟನ್ನಿನಲ್ಲಿ, ಈಗಿನ ಇಂಗ್ಲೆಂಡಿನ ಈಶಾನ್ಯ ಕರಾವಳೀಲಿ, ಸೌತ್ ಶೀಲ್ಡ್ಸ್ ಅಂತ ಊರು, ಅಲ್ಲಿ ರೆಜಿನಾ ಅನ್ನೋ ಹೆಂಗಸಿನ ಸಮಾಧಿ ಕಲ್ಲು ಸಿಕ್ಕಿದೆ. ಅವಳು ಬ್ರಿಟನ್ನಿನ ಒಂದು ಬುಡಕಟ್ಟಿನೋಳು, ಗುಲಾಮಳಾಗಿದ್ಲು. ಅವಳನ್ನ ಬಿಡುಗಡೆ ಮಾಡಿ ಮದುವೆ ಆದೋನು ಬರಾಟೆಸ್, ಅವನ ಊರು ಸಿರಿಯಾದ ಪಾಲ್ಮೈರಾ. 30 ವರ್ಷಕ್ಕೆ ತೀರ್ಕೊಂಡ್ಲು. ಕಲ್ಲಲ್ಲಿ ಅವಳು ಬೆತ್ತದ ಕುರ್ಚೀಲಿ ಕೂತಿದಾಳೆ, ಮಡಿಲಲ್ಲಿ ನೂಲೋ ಕದಿರು, ಪಕ್ಕದಲ್ಲಿ ಉಣ್ಣೆ ಉಂಡೆಗಳ ಬುಟ್ಟಿ. ಕೆಳಗೆ ಲ್ಯಾಟಿನ್‌ನಲ್ಲಿ ಬರಹ, ಅದರ ಕೆಳಗೆ ಇನ್ನೊಂದು ಸಾಲು ಅವನ ತಾಯಿನುಡೀಲಿ: ರೆಜಿನಾ, ಬರಾಟೆಸ್ ಬಿಡುಗಡೆ ಮಾಡಿದೋಳು, ಅಯ್ಯೋ. ಅಷ್ಟು ದೂರದ ಚಳಿ ಊರಲ್ಲಿ ಆ ಸಾಲು ಓದೋಕೆ ಬರೋರು ಎಷ್ಟು ಜನ ಇದ್ದಿರಬಹುದು, ಆದ್ರೂ ಅವನಿಗೆ ಅದನ್ನ ತನ್ನ ಭಾಷೇಲೇ ಹೇಳ್ಬೇಕನಿಸಿದೆ. ರೆಜಿನಾಗೆ ಈ ಮದುವೆ ಬೇಕಿತ್ತೋ, ಬೇರೆ ದಾರಿ ಇರ್ಲಿಲ್ವೋ ಅನ್ನೋದನ್ನ ಮಾತ್ರ ಆ ಕಲ್ಲು ಹೇಳಲ್ಲ, ಅದ್ರಲ್ಲಿರೋದು ಗಂಡನ ಮಾತು.

ರೋಮಿನ ಹೆಣ್ಮಕ್ಕಳಿಗೆ ಸ್ವಂತ ಹೆಸರೇ ಇರ್ತಿರ್ಲಿಲ್ಲ ಅಂತ ಎಲ್ಲೋ ಓದಿದೆ. ಹೆಸರೇ ಇಲ್ಲಾಂದ್ಮೇಲೆ ಆಸ್ತಿ ಎಲ್ಲಿಂದ ಬರ್ಬೇಕು, ಅಲ್ವಾ ಮೇಡಂ?
- ಗೃಹಿಣಿ, ಶಿವಮೊಗ್ಗ

ಹೆಸರಿನ ವಿಷಯ ಮುಕ್ಕಾಲು ಪಾಲು ನಿಜ ಅಮ್ಮ. ಅಪ್ಪನ ಕುಲದ ಹೆಸರನ್ನೇ ಹೆಣ್ಣು ಮಾಡಿ ಇಡೋರು, ಟುಲಿಯಸ್ ಮಗಳು ಟುಲಿಯಾ, ಜೂಲಿಯಸ್ ಮಗಳು ಜೂಲಿಯಾ. ಇಬ್ಬರು ಹೆಣ್ಮಕ್ಕಳಿದ್ರೆ ಇಬ್ಬರಿಗೂ ಒಂದೇ ಹೆಸರು, ಮಾರ್ಕ್ ಆಂಟನಿಗೆ ಆಕ್ಟೇವಿಯಾಳಲ್ಲಿ ಹುಟ್ಟಿದ ಇಬ್ಬರೂ ಆಂಟೋನಿಯಾನೇ, ಗುರುತಿಗೆ ದೊಡ್ಡೋಳು ಚಿಕ್ಕೋಳು ಅಂತಿದ್ರು. ಆದ್ರೆ ಮದುವೆ ಆದ್ಮೇಲೂ ಆ ಹೆಸರು ಬದಲಾಗ್ತಿರ್ಲಿಲ್ಲ.

ಆಸ್ತಿ ವಿಷಯ ನೀವು ಅಂದ್ಕೊಂಡಿರೋ ಹಾಗಿರ್ಲಿಲ್ಲ. ಸೀಸರ್ ಕಾಲಕ್ಕೆ ಹೆಚ್ಚಿನ ಮದುವೆಗಳಲ್ಲಿ ಹೆಂಡತಿ ಗಂಡನ ಅಧಿಕಾರದ ಕೆಳಗೆ ಬರ್ತಾನೇ ಇರ್ಲಿಲ್ಲ, ಅಪ್ಪನ ಮನೆಗೇ ಸೇರಿದೋಳು, ಅಪ್ಪ ತೀರಿಕೊಂಡ್ಮೇಲೆ ಅವಳ ಪಾಲು ಅವಳದೇ, ಗಂಡನದಲ್ಲ. ಡೈವೋರ್ಸ್ ಆದ್ರೆ ವರದಕ್ಷಿಣೆ ವಾಪಸ್ ಕೇಳೋಕೆ ಕಾನೂನಿತ್ತು. ದೊಡ್ಡ ವ್ಯವಹಾರಕ್ಕೆ ಒಬ್ಬ ಗಂಡಸು ಪೋಷಕನ ಒಪ್ಪಿಗೆ ಬೇಕಿತ್ತು, ಮೂರು ಮಕ್ಕಳನ್ನ ಹೆತ್ತ ಸ್ವತಂತ್ರ ಹೆಂಗಸಿಗೆ ಅದೂ ಬೇಡ ಅಂತ ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ಕಾನೂನು ಮಾಡಿದ. ಇಷ್ಟೆಲ್ಲ ಇದ್ದೂ ಓಟು ಇಲ್ಲ, ಹುದ್ದೆ ಇಲ್ಲ, 12 ವರ್ಷಕ್ಕೇ ಮದುವೆ ಮಾಡಬಹುದಿತ್ತು, ಡೈವೋರ್ಸ್ ಆದ್ರೆ ಮಕ್ಕಳು ಅಪ್ಪನಿಗೆ.

ಹಾಗಂತ ಸುಮ್ನೆ ಕೂತಿರ್ಲಿಲ್ಲ. ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಜೊತೆ ಯುದ್ಧ ನಡೀತಿದ್ದಾಗ, ಕ್ರಿ.ಪೂ. 215ರಲ್ಲಿ, ಹೆಂಗಸರು ಅರ್ಧ ಔನ್ಸ್‌ಗಿಂತ ಜಾಸ್ತಿ ಚಿನ್ನ ಇಟ್ಕೋಬಾರ್ದು, ಬಣ್ಣಬಣ್ಣದ ಬಟ್ಟೆ ಹಾಕ್ಬಾರ್ದು, ಊರೊಳಗೆ ಗಾಡೀಲಿ ಓಡಾಡ್ಬಾರ್ದು ಅಂತ ಕಾನೂನು ಬಂತು. ಯುದ್ಧ ಮುಗಿದ್ರೂ ಅದನ್ನ ತೆಗೀಲಿಲ್ಲ. 195ರಲ್ಲಿ ಹೆಂಗಸರು ಸಾಲುಗಟ್ಟಿ ಬೀದಿಗೆ ಬಂದು ದಾರೀಲಿ ಹೋಗೋ ಗಂಡಸರನ್ನ ತಡೆದು ನಿಲ್ಲಿಸಿ ಕೇಳಿದ್ರು, ಕೇಟೋ ಅನ್ನೋ ದೊಡ್ಡ ಮನುಷ್ಯ ಎಷ್ಟು ವಿರೋಧ ಮಾಡಿದ್ರೂ ಕಾನೂನು ರದ್ದಾಯ್ತು. ಕ್ರಿ.ಪೂ. 42ರಲ್ಲಿ 1,400 ಶ್ರೀಮಂತ ಹೆಂಗಸರ ಮೇಲೆ ಯುದ್ಧದ ಟ್ಯಾಕ್ಸ್ ಹಾಕಿದಾಗ ಹೋರ್ಟೆನ್ಸಿಯಾ ಅನ್ನೋ ಹೆಣ್ಮಗಳು ಊರ ನಡುವೆ ಸಭೆ ಸೇರೋ ಚೌಕದಲ್ಲಿ, ಅಂದ್ರೆ ಫೋರಂನಲ್ಲಿ, ಎಲ್ಲರೆದುರು ನಿಂತು, ಅಧಿಕಾರದಲ್ಲಿ ನಮಗೆ ಪಾಲಿಲ್ಲದ ಮೇಲೆ ನಾವ್ಯಾಕೆ ತೆರಿಗೆ ಕೊಡ್ಬೇಕು ಅಂತ ಕೇಳಿದ್ಲು. ಆ ಪಟ್ಟಿ 400ಕ್ಕೆ ಇಳೀತು.

ನಮ್ಮ ಚಂದ್ರವಳ್ಳೀಲಿ ರೋಮನ್ ನಾಣ್ಯ ಸಿಕ್ಕಿದೆ ಅಂತಾರೆ. ಹಾಗಾದ್ರೆ ರೋಮನ್ನರು ಚಿತ್ರದುರ್ಗಕ್ಕೆ ಬಂದಿದ್ರಾ?
- ಹೈಸ್ಕೂಲ್ ವಿದ್ಯಾರ್ಥಿನಿ, ಚಿತ್ರದುರ್ಗ

ನಾಣ್ಯ ಸಿಕ್ಕಿರೋದು ನಿಜ ಪುಟ್ಟಿ, ಚಕ್ರವರ್ತಿ ಅಗಸ್ಟಸ್ ಮತ್ತೆ ಅವನ ನಂತರದ ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು, ಜೊತೆಗೆ ಶಾತವಾಹನರ ನಾಣ್ಯಗಳೂ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲೂ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯದ ರಾಶಿ ಸಿಕ್ಕಿತ್ತು. ಆದ್ರೆ ನಾಣ್ಯ ಬಂತು ಅಂದ ಮಾತ್ರಕ್ಕೆ ರೋಮಿನ ಮನುಷ್ಯನೇ ಬಂದ ಅಂತಲ್ಲ, ವ್ಯಾಪಾರದಲ್ಲಿ ಕೈಯಿಂದ ಕೈಗೆ ದಾಟಿ ಬಂದಿರುತ್ತೆ. ಅವರ ಹಡಗು ಈಜಿಪ್ಟಿನ ಕೆಂಪು ಸಮುದ್ರದ ಬಂದರಿಂದ ಹೊರಟು ಮುಂಗಾರು ಗಾಳಿ ಹಿಡ್ಕೊಂಡು ಕೇರಳದ ಮುಜಿರಿಸ್‌ಗೆ ಬರ್ತಿದ್ವು, ಮುಖ್ಯವಾಗಿ ಬೇಕಿದ್ದಿದ್ದು ಕಾಳುಮೆಣಸು. ಆ ಕಡೆಯ ಬೆರೆನಿಕೆ ಬಂದರಲ್ಲಿ, ದೇವಸ್ಥಾನದ ಅಂಗಳದಲ್ಲಿ, ಭಾರತದಲ್ಲೇ ಮಾಡಿದ ಮಡಕೆ ತುಂಬ ಏಳೂವರೆ ಕೆಜಿ ಮೆಣಸು ಹಾಗೇ ಸಿಕ್ಕಿದೆ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಭಾರತಕ್ಕೆ ಹರಿದುಹೋಗ್ತಿದೆ ಅಂತ ರೋಮಿನ ಬರಹಗಾರ ಪ್ಲಿನಿ ಸಂಕಟ ಪಟ್ಕೊಂಡಿದ್ದ. ಮೆಣಸು ತಿಂತಿದ್ದೋರು ಬರೀ ಸಾಹುಕಾರರಲ್ಲ, ಬ್ರಿಟನ್ನಿನ ವಿಂಡೊಲಾಂಡಾ ಅನ್ನೋ ರೋಮನ್ ಕೋಟೇಲಿ ಸಿಕ್ಕ ಮರದ ಹಲಗೆ ಮೇಲಿನ ಒಂದು ಲೆಕ್ಕದಲ್ಲಿ ಒಬ್ಬ ಸಾಮಾನ್ಯ ಸೈನಿಕನ ಹೆಸರೆದುರು ಮೆಣಸು, 2 ಡಿನೇರಿಯಸ್ (ರೋಮಿನ ಬೆಳ್ಳಿ ನಾಣ್ಯ) ಅಂತ ಬರೆದಿದಾರೆ. ನಮ್ಮ ಪಶ್ಚಿಮ ಘಟ್ಟದ ಬಳ್ಳೀಲಿ ಬಿಟ್ಟ ಕಾಳು ಅಲ್ಲೀವರೆಗೂ ಹೋಗಿದೆ ನೋಡು.

ಸೋಪು ಇಲ್ದೆ ಸ್ನಾನ ಹೇಗೆ ಮಾಡ್ತಿದ್ರು?
- ಓದುಗರು, ಗದಗ

ನಮ್ಮ ಎಣ್ಣೆಸ್ನಾನದ ಥರಾನೇ ಶುರು ಮಾಡ್ತಿದ್ರು. ಮೈಗೆಲ್ಲ ಆಲಿವ್ ಎಣ್ಣೆ ಹಚ್ಕೊಂಡು, ಬೆವರು ಬರೋ ಹಾಗೆ ಬಿಸಿ ಕೋಣೇಲಿ ಕೂತು, ಆಮೇಲೆ ಕುಡುಗೋಲಿನ ಹಾಗೆ ಬಾಗಿದ ಲೋಹದ ಪಟ್ಟೀಲಿ ಎಣ್ಣೆ ಕೊಳೆ ಎಲ್ಲ ಕೆರೆದು ತೆಗೆಯೋರು. ಸಾರ್ವಜನಿಕ ಸ್ನಾನದ ಮನೆಗೆ ಚಿಲ್ಲರೆ ಕಾಸು ಕೊಟ್ರೆ ಸಾಕಿತ್ತು, ಹಾಗಾಗಿ ಬಡವರೂ ಬರ್ತಿದ್ರು.

ನಮ್ಮಪ್ಪ ಬೇಕರಿ ನಡೆಸ್ತಾರೆ, ಬೆಳಗಿನ ಜಾವ 3 ಗಂಟೆಗೆ ಒಲೆ ಹಚ್ತಾರೆ. ರೋಮಲ್ಲೂ ಬೇಕರಿ ಇತ್ತಾ?
- ಪಿಯುಸಿ ವಿದ್ಯಾರ್ಥಿನಿ, ಹಾಸನ

ಈ ಪ್ರಶ್ನೆ ಓದಿ ನಂಗೆ ಎಷ್ಟು ಸಂತೋಷ ಆಯ್ತು ಅಂದ್ರೆ ಬೇರೆ ಪ್ರಶ್ನೆಗಳಿಗಿಂತ ಮೊದ್ಲೇ ಇದಕ್ಕೆ ಉತ್ತರ ಬರೆದಿಟ್ಟೆ. ಇಟಲಿಯ ಪಾಂಪೆಯಿ ಒಂದೇ ಊರಲ್ಲಿ 30ಕ್ಕೂ ಜಾಸ್ತಿ ಬೇಕರಿ ಸಿಕ್ಕಿವೆ. ಬಾಡಿಗೆ ವಠಾರದ ಮೇಲಿನ ಮಹಡೀಲಿ ಇದ್ದೋರಿಗೆ ಒಲೆ ಹಚ್ಚೋ ಜಾಗಾನೇ ಇರ್ತಿರ್ಲಿಲ್ಲ, ಬ್ರೆಡ್ಡು ಕೊಂಡೇ ತಿನ್ಬೇಕು. ಕ್ರಿ.ಶ. 79ರಲ್ಲಿ ಪಾಂಪೆಯಿ ಪಕ್ಕದ ವೆಸುವಿಯಸ್ ಜ್ವಾಲಾಮುಖಿ ಬೆಟ್ಟ ಸಿಡಿದಾಗ ಒಂದು ಬೇಕರಿ ಒಲೆಯೊಳಗಿದ್ದ 81 ಬ್ರೆಡ್ಡು ಇದ್ದಿಲಾಗಿ ಹಾಗೇ ಉಳಿದಿವೆ, ದುಂಡಗೆ, ಹೋಳು ಮುರ್ಕೊಳ್ಳೋಕೆ ಮೇಲೆ ಗೀರು ಹಾಕಿ. ಪಕ್ಕದ ಹರ್ಕ್ಯುಲೇನಿಯಂನ ಒಂದು ಬ್ರೆಡ್ಡಿನ ಮೇಲೆ ಮುದ್ರೆ ಇದೆ, ಕ್ವಿಂಟಸ್ ಗ್ರಾನಿಯಸ್ ವೆರುಸ್‌ನ ಗುಲಾಮ ಸೆಲರ್‌ದು ಅಂತ. 2023ರಲ್ಲಿ ಪಾಂಪೆಯೀಲಿ ಇನ್ನೊಂದು ಬೇಕರಿ ಸಿಕ್ಕಿತು, ಎತ್ತರದಲ್ಲಿ ಕಬ್ಬಿಣದ ಸರಳು ಹಾಕಿದ ಪುಟ್ಟ ಕಿಟಕಿಗಳು, ಬೀಸೋಕಲ್ಲು ತಿರುಗಿಸೋ ಕತ್ತೆ ಯಾವ ದಾರೀಲಿ ಹೆಜ್ಜೆ ಇಡ್ಬೇಕು ಅಂತ ನೆಲದಲ್ಲೇ ಗುಳಿ ಕೊರೆದಿದಾರೆ, ಆ ಕತ್ತೆಗಳ ಜೊತೆ ಗುಲಾಮರನ್ನೂ ಅಲ್ಲೇ ಕೂಡಿಹಾಕಿ ದುಡಿಸ್ತಿದ್ರು.

ನಿಮ್ಮಪ್ಪನಿಗೆ ಇದನ್ನ ಓದಿ ಹೇಳು. ರೋಮ್ ನಗರದಲ್ಲಿ ಪೋರ್ಟಾ ಮಜೋರೆ ಅನ್ನೋ ಹೆಬ್ಬಾಗಿಲ ಪಕ್ಕದಲ್ಲಿ ಒಬ್ಬ ಬೇಕರಿಯವನ ಸಮಾಧಿ ಇದೆ, ಯೂರಿಸಾಸಸ್ ಅಂತ ಅವನ ಹೆಸರು. ಹೆಸರು ನೋಡಿದ್ರೆ ಬಿಡುಗಡೆ ಆದ ಗುಲಾಮನೇ ಇರ್ಬೇಕು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸರ್ಕಾರಕ್ಕೆ ಬ್ರೆಡ್ ಕಾಂಟ್ರಾಕ್ಟ್ ತಗೊಂಡು ದುಡ್ಡು ಮಾಡಿದ, ಆದ್ರೆ ಸಮಾಧಿ ಮೇಲೆ ಯುದ್ಧ, ದೇವರು ಯಾವ್ದೂ ಕೆತ್ತಿಸ್ಲಿಲ್ಲ. ಗೋಧಿ ಬೀಸೋದು, ಜರಡಿ ಹಿಡಿಯೋದು, ಹಿಟ್ಟು ನಾದೋದು, ಉಂಡೆ ಕಟ್ಟೋದು, ಒಲೆಗೆ ಹಾಕೋದು, ತೂಕ ಮಾಡೋದು, ಇದನ್ನೇ ಸುತ್ತಲೂ ಸಾಲಾಗಿ ಕೆತ್ತಿಸಿದಾನೆ. ಗೋಡೇಲಿ ದೊಡ್ಡ ದೊಡ್ಡ ದುಂಡು ತೂತುಗಳಿವೆ, ಅವು ಹಿಟ್ಟು ನಾದೋ ಪಾತ್ರೆಯ ಆಕಾರ ಅಂತಾರೆ. ಅಲ್ಲೇ ಸಿಕ್ಕ ಇನ್ನೊಂದು ಬರಹ ಅಟಿಸ್ಟಿಯಾ ಅನ್ನೋ ಹೆಂಡತಿದು, ಅದನ್ನ ಬರೆಸಿರೋದು ಅವಳ ಗಂಡ, ಅಂದ್ರೆ ಇವನೇ ಅಂತ ನಂಬಿಕೆ. ತುಂಬಾ ಒಳ್ಳೆ ಹೆಂಗಸು ಬದುಕಿದ್ಲು, ಅವಳ ದೇಹದಲ್ಲಿ ಉಳಿದಿದ್ದು ಈ ಬ್ರೆಡ್ ಬುಟ್ಟೀಲಿದೆ ಅಂತ ಅದ್ರಲ್ಲಿದೆ.